ಗಾಳಿಗೋಪುರದ ಅಂಚಿನ ಕಣ

ನನ್ನ ಬಾಯಿ ಎಷ್ಟು ಜೋರು ಅಂತ ತಿಳಿಯಬೇಕಾದರೆ ಹಿರೀಸಾವೆಯಲ್ಲಿ ಲಾರಿ ನಿಲ್ಲಿಸುವ ಯಾವ ಡ್ರೈವರನ್ನಾದರೂ ಕೇಳಿ. ಹೆದ್ದಾರಿಯ ಪಕ್ಕ ನಮ್ಮದು ಟಾರ್ಪಾಲು ಹೊಲಿಯುವ ಅಂಗಡಿ. ಅಪ್ಪ ಸತ್ತ ಮೇಲೆ ಮಿಷನ್ನಿನ ಮುಂದೆ ನಾನೇ ಕೂತೆ. ಹೆಂಗಸು ಹೊಲಿದದ್ದು ಗಟ್ಟಿ ಬರುತ್ತದೋ ಇಲ್ಲವೋ ಎಂದು ಮೂಗು ಮುರಿದವರಿಗೆ ಮೊದಲು ಎರಡು ಮಾತು ಅಂದು, ಆಮೇಲೆ ಎರಡು ಸಾಲು ಹೊಲಿಗೆ ಹಾಕಿ ಕೈಗೆ ಕೊಡುತ್ತಿದ್ದೆ. "ಬಿಚ್ಚು ನೋಡಣ" ಎನ್ನುತ್ತಿದ್ದೆ. ಇವತ್ತಿನವರೆಗೂ ಒಬ್ಬರೂ ಬಿಚ್ಚಿಲ್ಲ. ಆಗೆಲ್ಲ ಈ ಮಾತನ್ನು ಜಂಬದಿಂದ ಹೇಳುತ್ತಿದ್ದೆ. ಈಗ ಆ ಜಂಬ ಉಳಿದಿಲ್ಲ.

ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅವ್ವ ತೀರಿಕೊಂಡಾಗ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಸಾಕಿದವಳು ನಾನು. ಬೈದವಳೂ ನಾನು, ಹೊಡೆದವಳೂ ನಾನು, ಹೊಳೆನರಸೀಪುರಕ್ಕೆ ಬಸ್ಸು ಹತ್ತಿಸಿ ಐಟಿಐ ಓದಿಸಿದವಳೂ ನಾನು. ಫಿಟ್ಟರ್ ಆಗಿ ಬಂದವನು ಒಂದಷ್ಟು ದಿನ ಪಂಪ್‌ಸೆಟ್ಟು ಬಿಚ್ಚಿಕೊಂಡಿದ್ದ. ದಂಡಿಗನಹಳ್ಳಿ ಕಡೆಯ ಬಯಲಿನಲ್ಲಿ ಬಿಸಿಲಿನಿಂದ ಗಾಳಿ ಎಬ್ಬಿಸಿ ಕರೆಂಟು ತೆಗೆಯುವ ಗೋಪುರ ಕಟ್ಟುತ್ತಾರೆ ಎಂಬ ಸುದ್ದಿ ಬಂದಾಗ ಮೊದಲು ಓಡಿಹೋದವನು ಅವನೇ.

ಗೋಪುರ ಎಂದರೆ ದೇವಸ್ಥಾನದ್ದಲ್ಲ, ಬರೀ ಕೊಳವೆ. ಹತ್ತು ತೆಂಗಿನಮರ ಒಂದರ ಮೇಲೊಂದು ನಿಲ್ಲಿಸಿದರೂ ತುದಿ ಮುಟ್ಟದು. ಅದರ ಬುಡದ ಸುತ್ತ ಎಕರೆಗಟ್ಟಲೆ ನೆಲಕ್ಕೆ ಕಂಬ ನೆಟ್ಟು, ಬೆಳಕು ಹಾಯುವ ದಪ್ಪ ಶೀಟಿನ ಚಪ್ಪರ. ಚಪ್ಪರದ ಅಂಚು ಎದೆಯೆತ್ತರ, ನಡುವಿಗೆ ಹೋದಂತೆ ಎರಡಾಳು ಮೂರಾಳು ಎತ್ತರ. ಊರಿನವರು ಇದಕ್ಕೆ ಗಾಳಿಗೋಪುರ ಎಂದು ಹೆಸರಿಟ್ಟು ಹಲ್ಲು ಕಿರಿದರು. ನಾನೂ ಕಿರಿದೆ. ತಮ್ಮನಿಗೆ ಸಿಟ್ಟು ಬಂತು.

"ನಗ್ಬ್ಯಾಡ ಕಣಕ್ಕ. ಒಲೆ ಕಂಡಿದ್ದೀಯ ತಾನೇ? ಚಪ್ಪರ ಒಲೆ ಇದ್ದಂಗೆ, ಬಿಸ್ಲೇ ಸೌದೆ. ಒಳಗಿನ ಗಾಳಿ ಕಾಯ್ತದೆ. ಕಾದ್ ಗಾಳಿ ಮೇಲಕ್ಕೇ ಓಗ್ಬೇಕು, ಬ್ಯಾರೆ ದಾರಿಯಿಲ್ಲ. ಎಲ್ಲಾ ಕಡೆಯಿಂದ ನುಗ್ಗಿ ಗೋಪುರದ ಗಂಟ್ಲಿಗೆ ಬಂದಾಗ ಅಲ್ಲಿರೋ ಫ್ಯಾನು ತಿರುಗ್ತದೆ. ಅಷ್ಟೇಯ."

"ಅದ್ಯಾವ ಮಹಾ ಕರೆಂಟೋ! ನಮ್ಮನೆ ಮಿಕ್ಸಿ ತಿರುಗ್ತದಾ ನೋಡು" ಎಂದೆ.

ತಿರುಗಿತು. ಪ್ರಯೋಗಕ್ಕೆಂದು ಕಟ್ಟಿದ್ದು ನಿಜವಾಗಿಯೂ ತಿರುಗಿತು. ಆ ಚಪ್ಪರದ ಶೀಟುಗಳನ್ನು ಜೋಡಿಸುವ ಕೆಲಸ ನನ್ನ ಅಂಗಡಿಗೇ ಬಂದಿತ್ತು. ಮೂರು ತಿಂಗಳು ಹಗಲೆಲ್ಲ ಹೊಲಿದಿದ್ದೆ.

ಆಗಲೇ ಒಂದು ಮಾತಾಯಿತು. ಅಲ್ಲಿನ ಎಂಜಿನಿಯರು ಅರಕಲಗೂಡಿನ ಕಡೆಯವರು, ಮೆತ್ತಗಿನ ಮನುಷ್ಯ. ಅಂಗಡಿಗೆ ಬಂದು, "ನೋಡಿಯಮ್ಮ, ಹತ್ತು ಜೋಡಣೆಗೆ ಒಂದನ್ನು ಮೂಟೆ ಹೊಲಿಗೆ ಹಾಕಿ. ಒಳಗೆ ಬೆಂಕಿ ಗಿಂಕಿ ಆದರೆ ದಾರ ಎಳೆದ ಕೂಡಲೇ ಬಿಚ್ಚಿಕೊಳ್ಳಬೇಕು. ಚಪ್ಪರ ತೆರೆದರೆ ಗಾಳಿಯ ಸೆಳೆತ ನಿಲ್ಲುತ್ತದೆ" ಎಂದರು. ಅಕ್ಕಿ ಮೂಟೆಯ ಬಾಯಿಗೆ ಹಾಕುತ್ತಾರಲ್ಲ, ಒಂದು ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚುವುದು, ಆ ಹೊಲಿಗೆ. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಬಿಚ್ಚದ ಹೊಲಿಗೆ ಹಾಕಿ ಹೆಸರು ಮಾಡಿದವಳಿಗೆ ಬಿಚ್ಚುವ ಹೊಲಿಗೆ ಹಾಕು ಅನ್ನುವುದೇ?

"ಸಾ, ಅಂಗಿದ್ರೆ ರೈಸ್ ಮಿಲ್ಲಿನವ್ರನ್ನ ಕರೀರಿ. ನನ್ ಕೈಲಿ ಆ ಕಳ್ಳ್ ಹೊಲಿಗೆ ಬರಲ್ಲ. ನಿಮ್ ಚಪ್ಪರ ಗಾಳಿಗೆ ಹಾರೋದ್ರೆ ನಾಳೆ ನನ್ ಹೆಸ್ರು ಹೇಳ್ತಾರೆ" ಎಂದು ಹಾರಾಡಿದೆ.

ಅವರು ಎರಡು ಸಲ ಹೇಳಿ ನೋಡಿದರು. ಮೂರನೆಯ ಸಲ ಹೇಳಲಿಲ್ಲ. ನನ್ನ ಬಾಯಿಗೆ ಹೆದರಿ ಸುಮ್ಮನಾದವರಲ್ಲಿ ಅವರೂ ಒಬ್ಬರು. ಎಲ್ಲ ಜೋಡಣೆಗೂ ಎರಡೆರಡು ಸಾಲು ಗಟ್ಟಿ ಹೊಲಿಗೆ ಹಾಕಿ, ಗೆದ್ದೆನೆಂದು ಬೀಗಿದೆ.

ಚಪ್ಪರ ಎದ್ದ ಮೇಲೆ ಹರಿದ ಕಡೆ ತೇಪೆ ಹಾಕಲು ದಿನವೂ ಹೋಗುತ್ತಿದ್ದೆ. ನಿಜ ಹೇಳುತ್ತೇನೆ, ಆ ಜಾಗ ನನಗೆ ಮೊದಲ ದಿನದಿಂದಲೂ ಸರಿಕಾಣಲಿಲ್ಲ. ಬಿಸಿಲೇರಿದ ಹಾಗೆ ಗೋಪುರ ಗುಂಯ್ ಎಂದು ನರಳಲು ಶುರುಮಾಡುತ್ತಿತ್ತು. ಆ ಸದ್ದು ಕಿವಿಗಿಂತ ಮೊದಲು ಹಲ್ಲಿಗೆ ತಿಳಿಯುತ್ತಿತ್ತು. ಅಂಚಿನಲ್ಲಿ ನಿಂತರೆ ಬೆನ್ನಿನ ಮೇಲೆ ಗಾಳಿ, ಸೆರಗು ಸದಾ ಒಳಮುಖ. ಚಿಟ್ಟೆ, ಜೇನು, ಒಣಗಿದೆಲೆ, ಎಲ್ಲವೂ ಒಳಕ್ಕೇ. ಬಯಲಿನ ನಾಯಿಗಳು ಎಷ್ಟು ಕರೆದರೂ ಚಪ್ಪರದ ಕೆಳಗೆ ಕಾಲಿಡುತ್ತಿರಲಿಲ್ಲ. ಬಿಸ್ಕತ್ತು ಎಸೆದರೆ ಅಂಚಿನವರೆಗೆ ಬಂದು, ಬಾಲ ಮುದುರಿ, ಬಿಸ್ಕತ್ತನ್ನೂ ಬಿಟ್ಟು ಹಿಂದಕ್ಕೆ ಹೋಗುತ್ತಿದ್ದವು. ನಾಯಿಗಿದ್ದ ಬುದ್ಧಿ ನನಗಿರಲಿಲ್ಲ.

ಇನ್ನೊಂದು ವಿಚಿತ್ರ ಇತ್ತು. ಅಂಚಿನಲ್ಲಿ ನಿಂತು ನಾನು ಕೂಗಿದರೆ ಗೋಪುರದ ಗಂಟಲಿನಲ್ಲಿ ಕೆಲಸ ಮಾಡುವ ತಮ್ಮನಿಗೆ ಪಕ್ಕದಲ್ಲೇ ಮಾತಾಡಿದಷ್ಟು ಚೆನ್ನಾಗಿ ಕೇಳುತ್ತಿತ್ತು. ಗಾಳಿ ನನ್ನ ದನಿಯನ್ನು ಹೊತ್ತುಕೊಂಡು ಹೋಗುತ್ತಿತ್ತು. ಅವನು ಅಲ್ಲಿಂದ ಎಷ್ಟು ಅರಚಿದರೂ ನನಗೆ ಒಂದಕ್ಷರ ಕೇಳುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನ, "ಲೋ, ಮುದ್ದೆ ಆರೋಯ್ತದೆ, ಬಾರ್ಲಾ!" ಎಂದು ನಾನು ಕೂಗಬೇಕು, ಅವನು ಬರಬೇಕು. ಅವನ ಜೊತೆಯವರೆಲ್ಲ, "ನಿಮ್ಮಕ್ಕನೇ ನಮ್ ಸೈರನ್ನು ಕಣಪ್ಪ" ಎಂದು ಆಡಿಕೊಳ್ಳುತ್ತಿದ್ದರಂತೆ. ಅವನೂ, "ಏನಾರ ಆದ್ರೆ ನಮ್ಮಕ್ಕ ಕೂಗ್ತಾಳೆ ಬುಡ್ರಿ" ಎನ್ನುತ್ತಿದ್ದನಂತೆ.

ಮೊದಲ ವರ್ಷದ ಸುಗ್ಗಿ ಬಂತು. ನಮ್ಮ ಕಡೆ ಕಣ ಮಾಡುವವರು ಈಗ ಕಮ್ಮಿ. ರಾಗಿ ತೆನೆಯನ್ನು ಟಾರು ರಸ್ತೆಗೆ ಹರವಿದರೆ ಬಸ್ಸು ಲಾರಿಗಳೇ ಒಕ್ಕಿ ಕೊಡುತ್ತವೆ. ಒಕ್ಕಿದ ಮೇಲೆ ತೂರಲು ಮಾತ್ರ ಗಾಳಿ ಬೇಕು. ಆ ವರ್ಷ ಗಾಳಿಯೇ ಇಲ್ಲ. ನಮ್ಮ ದೊಡ್ಡಪ್ಪ ಮೂರು ದಿನ ಮೊರ ಹಿಡಿದುಕೊಂಡು ಆಕಾಶ ನೋಡಿದ. ಅಪ್ಪನ ಅಣ್ಣ ಅವನು. ಅಪ್ಪ ಹೊಲ ಬಿಟ್ಟು ಹೆದ್ದಾರಿಗೆ ಬಂದರೂ ದೊಡ್ಡಪ್ಪ ಹೊಲ ಬಿಟ್ಟವನಲ್ಲ.

"ಅದ್ಯಾಕಂಗೆ ಬಾಯ್ ಬುಟ್ಕಂಡು ಕುಂತಿದ್ದೀಯ ದೊಡ್ಡಪ್ಪ? ಗೋಪುರದ ಅಂಚಿಗೆ ಬಾ. ಅಲ್ಲಿ ಹಗಲೆಲ್ಲ ಒಂದೇ ಸಮ ಗಾಳಿ" ಎಂದವಳು ನಾನೇ. ಗಾಳಿ ಬಂದಾಗ ತೂರಿಕೋ ಅಂತ ಗಾದೆಯೇ ಇದೆಯಲ್ಲ. ಗಾಳಿ ಇರುವ ಕಡೆಗೇ ಹೋಗಿ ತೂರುವ ಉಪಾಯ ನನ್ನ ತಲೆಗೆ ಹೊಳೆಯಿತೆಂದು ಎಷ್ಟು ಹಿಗ್ಗಿದೆ ಅಂತೀರಿ!

ದೊಡ್ಡಪ್ಪ ಬಂದ. ಗಾಳಿಗೆ ಬೆನ್ನು ಕೊಟ್ಟು ನಿಂತು ಮೊರ ಎತ್ತಿ ಸುರಿದ. ರಾಗಿ ಕಾಲಬುಡದಲ್ಲೇ ಬಿತ್ತು. ಹೊಟ್ಟು ಒಂದು ಎಳೆಯೂ ಉಳಿಯದೆ ಚಪ್ಪರದೊಳಕ್ಕೆ ಹೋಯಿತು. ದೊಡ್ಡಪ್ಪನ ಕಣ್ಣಲ್ಲಿ ನೀರು ಬಂತು. "ನಲ್ವತ್ ವರ್ಸದಲ್ಲಿ ಇಂಥಾ ಗಾಳಿ ಕಂಡಿಲ್ಲ ಕಣವ್ವ" ಎಂದ. ಎರಡು ದಿನ ಕಳೆಯುವುದರೊಳಗೆ ಗೋಪುರದ ಆ ಮಗ್ಗುಲಿನಲ್ಲಿ ಹನ್ನೆರಡು ಕಣಗಳಾದವು. ಸಗಣಿ ಬಳಿದರು, ರಂಗೋಲಿ ಇಟ್ಟರು. ಹರದನಹಳ್ಳಿಯಿಂದಲೂ ಟ್ರ್ಯಾಕ್ಟರಿನಲ್ಲಿ ರಾಗಿ ಬಂತು. ಹುಡುಗಾಟವಲ್ಲ, ಜಾಗಕ್ಕೆ ಜಗಳವೇ ಆಯಿತು. ಜಗಳ ಬಿಡಿಸಿದವಳೂ ನಾನೇ.

ಹೊಟ್ಟೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಕಣ್ಣಿಗೆ ಕಾಣದಾಯಿತು, ಅಷ್ಟೇ ಸಾಕಾಗಿತ್ತು.

ಕೇಳಿದವನು ತಮ್ಮ. ಒಂದು ಸಂಜೆ ಮನೆಗೆ ಬಂದು ತಲೆ ಕೊಡವಿದರೆ ಕೂದಲಿನಿಂದ ರಾಗಿ ಹೊಟ್ಟು ಉದುರಿತು. "ಅಕ್ಕ, ಗಂಟ್ಲಿನ ಸುತ್ತ ಮಂಡಿಯುದ್ದ ಒಟ್ಟು ಬಿದ್ದದೆ. ಒಣಗಿ ಗರಿಗರಿ ಅಂತದೆ. ಮುಟ್ಟುದ್ರೆ ಕೈ ಸುಡ್ತದೆ. ನಂಗ್ಯಾಕೋ ದಿಗಿಲು ಕಣಕ್ಕ. ದೊಡ್ಡಪ್ಪಂಗೆ ಯೋಳು, ನಿಲ್ಸಲಿ."

"ಇನ್ನೆರಡ್ ದಿನ ಕಣೋ. ರಾಶಿ ಆಗೋಗ್ಲಿ. ಈಗ ಬ್ಯಾಡ ಅಂದ್ರೆ ಊರೋರು ನಮ್ಮನ್ನ ಮಾತಾಡ್ಸ್ತಾರಾ?" ಎಂದೆ. ಎಂಜಿನಿಯರೂ ಬಂದು ಕೈಮುಗಿದು ಹೇಳಿದ್ದರು. ಹನ್ನೆರಡು ಕಣದವರೂ, "ಆಯ್ತು ಸಾ, ಆಯ್ತು ಸಾ" ಎಂದಿದ್ದರು. ಆಯ್ತು ಸಾ ಅಂದರೆ ಆಗಲ್ಲ ಎಂದೇ ಅರ್ಥ. ಅದು ಎಂಜಿನಿಯರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಆ ದಿನ ದೊಡ್ಡಪ್ಪನ ರಾಶಿ ಪೂಜೆ. ರಾಶಿ ಪೂಜೆಯ ಕಟ್ಟುಪಾಡು ನಮ್ಮಲ್ಲಿ ಬಿಗಿ. ಕಣಕ್ಕೆ ಚಪ್ಪಲಿ ಕೂಡದು. ರಾಗಿ ರಾಶಿಯ ಸುತ್ತ ಬೂದಿಯ ಗೆರೆ ಎಳೆದ ಮೇಲೆ ಪೂಜೆ ನಿಲ್ಲಿಸುವಂತಿಲ್ಲ, ಪೂಜೆ ಶುರುವಾದ ಮೇಲೆ ಯಾರೂ ಬಾಯಿ ಬಿಡಬಾರದು. ಪೂಜೆ ಮುಗಿದು, ಕಾಯಿ ಒಡೆದು, ಮೊದಲ ಮೊರ ರಾಗಿ ಎತ್ತುವವರೆಗೆ ಮೌನ. ಮಾತಾಡಿದರೆ ರಾಶಿಯ ಹುಲುಸು ಹೊರಟುಹೋಗುತ್ತದೆ ಎಂದು ಹಿರಿಯರ ನಂಬಿಕೆ. ಎಷ್ಟೋ ವರ್ಷಗಳ ಮೇಲೆ ಸರಿಯಾದ ಕಣ ಸಿಕ್ಕ ಸಂತೋಷಕ್ಕೆ ದೊಡ್ಡಪ್ಪ ಒಂದನ್ನೂ ಬಿಡದೆ ಮಾಡಲು ಹೊರಟಿದ್ದ. ಮಡಿಪಂಚೆ ಉಟ್ಟು ನಿಂತವನ ಮುಖ ಮದುವೆಗಂಡಿನ ಹಾಗಿತ್ತು.

ಅಷ್ಟರಲ್ಲಿ ತಮ್ಮ ಬಂದ. ಫ್ಯಾನು ಹೊಟ್ಟು ಮೆತ್ತಿಕೊಂಡು ನಡುಗುತ್ತಿದೆ, ಅದನ್ನು ನಿಲ್ಲಿಸಿ ಬೀಗ ಹಾಕಿ ಗಂಟಲೊಳಗೆ ಹತ್ತಿ ಕೆರೆಯಬೇಕು ಎಂದ. "ಒಂದ್ ಗಂಟೆ ತಡೀರಿ ದೊಡ್ಡಪ್ಪ. ನಾನು ಇಳಿದು ಬಂದ್ಮೇಲೆ ಪೂಜೆ ಮಾಡ್ಕಳಿ."

"ಗೆರೆ ಎಳೆದಾಯ್ತು ಕಣ್ಲಾ ಮಗಾ. ಗೆರೆ ಎಳೆದ್ಮ್ಯಾಲೆ ನಿಲ್ಸೋದುಂಟಾ? ನಿಮ್ಮಪ್ಪ ಇದ್ದಿದ್ರೆ ಇಂಗಂತಿದ್ನಾ?" ಎಂದ ದೊಡ್ಡಪ್ಪ.

ತಮ್ಮ ನನ್ನ ಮುಖ ನೋಡಿದ. ನಾನು ಒಂದು ಮಾತು ಅಂದಿದ್ದರೆ ದೊಡ್ಡಪ್ಪ ನಿಲ್ಲಿಸುತ್ತಿದ್ದನೋ ಏನೋ. ಎಲ್ಲರ ಮೇಲೂ ಹಾರುವ ನಾನು ಅವತ್ತು, "ಅರ್ಧ ಗಂಟೆ ಪೂಜೆ ಕಣೋ, ಬುಡು" ಎಂದುಬಿಟ್ಟೆ.

"ಸರಿ. ಮುಗಿಸ್ಕಳಿ. ನಾನು ಒಳ್ಗಡೆ ಇರ್ತೀನಿ. ಊಟದೊತ್ತಿಗೆ ಕೂಗಕ್ಕ" ಎಂದು ಜೊತೆಯವನೊಬ್ಬನನ್ನು ಕರೆದುಕೊಂಡು ಬಗ್ಗಿ ಚಪ್ಪರದೊಳಗೆ ಹೋದ. ಅವನ ಅಂಗಿಯ ಬೆನ್ನು ಗಾಳಿಗೆ ಉಬ್ಬಿಕೊಂಡಿದ್ದು ನನ್ನ ಕಣ್ಣಿಗೆ ಕಟ್ಟಿದೆ.

ಪೂಜೆ ಶುರುವಾಯಿತು. ಇಪ್ಪತ್ತು ಮೂವತ್ತು ಜನ ಬರಿಗಾಲಲ್ಲಿ, ಬಾಯಿ ಕಟ್ಟಿಕೊಂಡು ನಿಂತಿದ್ದೆವು. ನೆತ್ತಿಯ ಮೇಲೆ ಬಿಸಿಲು. ಗೋಪುರದ ಗುಂಯ್ ಬಿಟ್ಟರೆ ಬೇರೆ ಸದ್ದಿಲ್ಲ. ದೊಡ್ಡಪ್ಪ ಧೂಪಾರತಿಗೆ ಕೆಂಡ ಹಾಕಿಕೊಂಡು ಸಾಂಬ್ರಾಣಿ ಉದುರಿಸಿದ. ಹೊಗೆ ಎದ್ದಿತು. ಮೇಲೆ ಹೋಗಬೇಕಾದ ಹೊಗೆ ನೆಲದ ಮಟ್ಟದಲ್ಲೇ ಮಲಗಿ, ದಾರಿ ಗೊತ್ತಿದ್ದಂತೆ ಚಪ್ಪರದೊಳಕ್ಕೆ ಸಾಗಿತು. ದೊಡ್ಡಪ್ಪ ರಾಶಿಯನ್ನು ಮೂರು ಸುತ್ತು ಬಂದ. ಮೂರನೆಯ ಸುತ್ತಿನಲ್ಲಿ ಧೂಪಾರತಿಯಿಂದ ಒಂದೆರಡು ಕಿಡಿ ಹಾರಿದ್ದನ್ನು ನೋಡಿದೆ. ಕೆಂಪಗೆ ಹೊಳೆದು ಒಳಗೆ ಹೋದವು. ಆರಿಹೋಗಿರುತ್ತವೆ ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಚಪ್ಪರದ ಕೆಳಗೆ, ಕಣದಿಂದ ಒಂದು ಇಪ್ಪತ್ತು ಮಾರು ಒಳಗೆ, ತೆಳ್ಳಗೆ ಹೊಗೆ ಕಂಡಿತು. ಧೂಪದ್ದೇ ಇರಬೇಕು ಎಂದಿತು ಒಂದು ಮನಸ್ಸು. ಧೂಪದ ಹೊಗೆ ಅಷ್ಟು ಕಪ್ಪಗಿರುವುದಿಲ್ಲ ಎಂದಿತು ಇನ್ನೊಂದು. ಕೂಗಬೇಕೆಂದು ಬಾಯಿ ತೆರೆದೆ. ದೊಡ್ಡಪ್ಪ ಅದೇ ಹೊತ್ತಿಗೆ ತಿರುಗಿ ನೋಡಿ, ತುಟಿಯ ಮೇಲೆ ಬೆರಳಿಟ್ಟ. ಇಡೀ ಕಣ ನನ್ನನ್ನು ನೋಡಿತು. ಗಂಡುಬೀರಿ, ಬಜಾರಿ, ಕಣದಲ್ಲೂ ಬಾಯಿ ಮುಚ್ಚದವಳು ಎಂದು ನಾಳೆ ಆಡುತ್ತಾರಲ್ಲ ಅನ್ನಿಸಿತು. ಹೀಗೆ ಅನ್ನಿಸಿದ್ದು ನನಗೆ! ಯಾರೇನಂದರೂ ಕ್ಯಾರೇ ಅನ್ನದ ನನಗೆ! ತೆರೆದ ಬಾಯಿ ಮುಚ್ಚಿದೆ. ಕಾಯಿ ಒಡೆಯುವ ತನಕ ತಡೆಯೋಣ ಎಂದುಕೊಂಡೆ.

ಕಾಯಿ ಒಡೆದದ್ದೂ ಒಳಗೆ ಭುಗ್ ಎಂದದ್ದೂ ಒಟ್ಟಿಗೆ ಆಯಿತು.

ಹೊಟ್ಟಿನ ಮೇಲೆ ಬೆಂಕಿ ಓಡಿತು. ಹೊರಗೆ ಬರಲೇ ಇಲ್ಲ, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ನಮ್ಮ ಬೆನ್ನ ಮೇಲಿನ ಗಾಳಿಯೇ ಅದನ್ನು ತಳ್ಳಿಕೊಂಡು ಗೋಪುರದ ಬುಡಕ್ಕೆ ಒಯ್ದಿತು. ಗುಂಯ್ ಎನ್ನುತ್ತಿದ್ದ ಗೋಪುರ ಗೊರ್ ಎಂದು ಗಂಟಲು ಕೆರೆಯಿತು. ಅಯ್ಯೋ ಶಿವನೇ, ಆ ಸದ್ದು! ಆಗ ಕೂಗಿದೆ. ಬೆಂಕಿಯ ಆರ್ಭಟದಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ.

ಎಂಜಿನಿಯರು ಓಡಿಬಂದು, "ಚಪ್ಪರ ಬಿಚ್ಚಿ! ಸೆಳೆತ ನಿಲ್ಲಿಸಿ!" ಎಂದು ಅರಚಿದರು. ತೆಂಗಿನಕಾಯಿ ಕೀಳುವ ದೋಟಿ ಒಂದು ಟ್ರ್ಯಾಕ್ಟರಿನಲ್ಲಿತ್ತು, ತುದಿಗೆ ಕುಡುಗೋಲು ಕಟ್ಟಿದ್ದು. ಅದನ್ನು ಕಿತ್ತುಕೊಂಡು ಬೆಂಕಿಯಿಲ್ಲದ ಮಗ್ಗುಲಿನಿಂದ ಒಳಗೆ ನುಗ್ಗಿದೆ. ಎಷ್ಟಾದರೂ ಜೋಡಣೆಯೇ ದುರ್ಬಲ ಜಾಗ, ಎಲ್ಲ ಟಾರ್ಪಾಲಿನಲ್ಲೂ ಹಾಗೇ. ಜೋಡಣೆಗೆ ಕುಡುಗೋಲು ಸಿಕ್ಕಿಸಿ ಎಳೆದೆ. ಬರಲಿಲ್ಲ. ಜೋತುಬಿದ್ದು ಎಳೆದೆ. ದಾರ ಒಂದು ಎಳೆಯೂ ಜಗ್ಗಲಿಲ್ಲ. ಎರಡು ಸಾಲು, ಒಂದರ ಪಕ್ಕ ಒಂದು, ನೆಟ್ಟಗೆ, ನನ್ನದೇ ಕೈಯ ಹೊಲಿಗೆ. ನಮ್ಮ ಅಂಗಡಿಯ ಹೊಲಿಗೆ ಬಿಚ್ಚುವುದಿಲ್ಲ. ಅಳುತ್ತಾ, ನನ್ನನ್ನೇ ಬಾಯಿಗೆ ಬಂದಂತೆ ಬೈದುಕೊಳ್ಳುತ್ತಾ ಅದರ ಜೊತೆ ಎಷ್ಟು ಹೊತ್ತು ಗುದ್ದಾಡಿದೆನೋ ಗೊತ್ತಿಲ್ಲ. ಕೊನೆಗೆ ಹೊಲಿಗೆ ಬಿಟ್ಟು ಶೀಟಿನ ನಡುಮಧ್ಯಕ್ಕೇ ಕುಡುಗೋಲು ಚುಚ್ಚಿ ಸೀಳಿದೆ. ಅದು ಸೀಳಿತು. ಬಿಸಿ ಗಾಳಿ ಭರ್ರನೆ ಮೇಲಕ್ಕೆ ಹಾರಿತು. ಇನ್ನೆರಡು ಕಡೆ ಸೀಳಿದೆ. ಉಳಿದವರೂ ಕತ್ತಿ ಕುಡುಗೋಲು ಹಿಡಿದು ಬಂದರು. ಗೋಪುರದ ಸದ್ದು ಕುಗ್ಗುತ್ತಾ ಕುಗ್ಗುತ್ತಾ ನಿಂತಿತು. ಎಷ್ಟೋ ತಿಂಗಳಿನಲ್ಲಿ ಮೊದಲ ಸಲ ನನ್ನ ಸೆರಗು ನೆಟ್ಟಗೆ ನೇತುಬಿತ್ತು.

ತಮ್ಮ ಗಂಟಲಿನ ಏಣಿಯ ಬುಡದಲ್ಲಿ ಮಗುಚಿಕೊಂಡು ಬಿದ್ದಿದ್ದ. ಚನ್ನರಾಯಪಟ್ಟಣದಲ್ಲಿ ನೋಡಿ ಹಾಸನಕ್ಕೆ ಕಳಿಸಿದರು. ಮೈ ಅಷ್ಟೇನೂ ಸುಟ್ಟಿರಲಿಲ್ಲ. ಒಳಗೆ ಸುಟ್ಟಿತ್ತು. ಒಂದೂವರೆ ತಿಂಗಳು ಹಾಸನದ ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದೆ. ದೊಡ್ಡಪ್ಪ ಒಂದು ಸಲ ಬಂದ. ನನ್ನ ಪಕ್ಕ ಕೂತು, ಹೆಗಲ ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತ. ಬೈಯಲು ನನಗೆ ಯಾವ ಬಾಯಿ ಇತ್ತು? ಸುಮ್ಮನೆ ಅವನ ಬೆನ್ನು ಸವರಿದೆ. ಆ ರಾಗಿಯನ್ನು ಅವನು ಮನೆಗೆ ತರಲಿಲ್ಲ. ಕಣದಲ್ಲೇ ಬಿಟ್ಟ. ಹಕ್ಕಿಗಳೂ ಬಂದು ತಿನ್ನಲಿಲ್ಲವಂತೆ. ಯಾರೋ ಹೇಳಿದ್ದು, ನಿಜವೋ ಸುಳ್ಳೋ.

ತಮ್ಮ ಈಗ ಅಂಗಡಿಯಲ್ಲಿ ನನ್ನ ಜೊತೆಗೇ ಕೂರುತ್ತಾನೆ. ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು. ದನಿ ಹೋಗಿದೆ, ಪಿಸುಮಾತು ಮಾತ್ರ ಉಳಿದಿದೆ. ಮಿಷನ್ನು ಓಡುತ್ತಿದ್ದರೆ ಅವನು ಎರಡು ಮಾರು ದೂರದಲ್ಲಿ ಮಾತಾಡಿದರೂ ನನಗೆ ಕೇಳುವುದಿಲ್ಲ.

ಗೋಪುರ ನಿಂತೇ ಇದೆ. ಮೂರು ತಿಂಗಳಲ್ಲಿ ಹೊಸ ಚಪ್ಪರ ಹಾಕಿ ಮತ್ತೆ ಓಡಿಸಿದರು. ಬಿಸಿಲೇರಿದ ಮೇಲೆ ಬೈಕಿನಲ್ಲಿ ಆ ದಾರಿ ಹಿಡಿದವರಿಗೆ ಗುಂಯ್ ಎನ್ನುವುದು ಕೇಳುತ್ತದೆ. ಈಗ ಸುತ್ತಲೂ ತಂತಿಬೇಲಿ. ಅದರ ಪಕ್ಕದಲ್ಲೇ ಇದರ ಮೂರು ಪಟ್ಟು ದೊಡ್ಡದನ್ನು ಕಟ್ಟುತ್ತಾರಂತೆ. ಶೀಟು ಹೊಲಿಯುವ ಕೆಲಸ ಮತ್ತೆ ನನ್ನ ಅಂಗಡಿಗೇ ಬಂದಿದೆ. ಬೇಡ ಅನ್ನಲೇ ಎಂದು ಒಂದು ವಾರ ಯೋಚಿಸಿದೆ. ಬೇರೆಯವರು ಹೊಲಿದರೆ ಹೇಗೆ ಹೊಲಿಯುತ್ತಾರೋ ಎಂಬ ಹೆದರಿಕೆಗೆ ಒಪ್ಪಿಕೊಂಡೆ. ಹತ್ತಕ್ಕೆ ಒಂದಲ್ಲ, ಮೂರಕ್ಕೆ ಒಂದರಂತೆ ಮೂಟೆ ಹೊಲಿಗೆ ಹಾಕುತ್ತಿದ್ದೇನೆ. ಎಳೆಯುವ ದಾರದ ತುದಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದೇನೆ. ಮೊನ್ನೆ ಒಬ್ಬ ರೈತ ಅಂಗಡಿಗೆ ಬಂದು ಟಾರ್ಪಾಲು ಕೊಂಡವನು, "ದೊಡ್ಡ ಗೋಪುರ ಅಂದ್ರೆ ದೊಡ್ ಗಾಳಿ ಬುಡಕ್ಕ. ಈ ಸಲ ಬೇಲಿಯಿಂದಾಚೆ ನಿಂತ್ಕಂಡೇ ತೂರ್ಬೌದಾ?" ಎಂದು ಕೇಳಿದ. ಅವನನ್ನು ಬೈದು ಅಟ್ಟಿದ್ದು ಹೆದ್ದಾರಿಯ ಆಚೆ ಬದಿಗೂ ಕೇಳಿತ್ತು. ಅವನು ಮಾತ್ರ ಹೋಗುವಾಗಲೂ ನಗುತ್ತಲೇ ಇದ್ದ.

ಅವನು ಹೋದ ಮೇಲೆ ತಮ್ಮ ನನ್ನನ್ನೇ ನೋಡುತ್ತಿದ್ದ. ತುಟಿ ಅಲ್ಲಾಡಿತು. ನಾನು ಮಿಷನ್ನು ನಿಲ್ಲಿಸಿ ಹತ್ತಿರ ಹೋಗಿ ಕಿವಿ ಕೊಟ್ಟೆ.

"ಈಗ ಕೂಗ್ದಲ್ಲಕ್ಕ, ಅಂಗೇ ಕೂಗ್ತೀಯ ಅಂತ ಅವತ್ತು ಕಿವಿ ಕೊಟ್ಕಂಡೇ ಇದ್ದೆ" ಎಂದ. ಉಸಿರು ತೆಗೆದುಕೊಳ್ಳಲು ನಿಲ್ಲಿಸಿ, ಮತ್ತೆ ಹೇಳಿದ. "ಹೊಗೆ ವಾಸ್ನೆ ಮೊದ್ಲೇ ಬಂದಿತ್ತು. ಜೊತೇಲಿದ್ದೋನು ಇಳಿಯಣ ಬಾ ಅಂದು ಇಳಿದು ಹೊಂಟೋದ. ನಾನೇ ಇಳೀಲಿಲ್ಲ. ಏನಾರ ಆಗಿದ್ರೆ ನಮ್ಮಕ್ಕ ಸುಮ್ನಿರ್ತಾಳಾ, ಧೂಪದ್ದೇ ಇರ್ಬೇಕು ಅಂದ್ಕಂಡು ಅಲ್ಲೇ ಕುಂತಿದ್ದೆ."

ಬೈಗುಳವಲ್ಲ, ದೂರೂ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಅಷ್ಟೇ. ಹೊರಗೆ ಯಾವನೋ ಲಾರಿಯವನು ಹಾರನ್ನು ಹೊಡೆದು, "ಅಕ್ಕೋ, ಟಾರ್ಪಾಲು ಆಯ್ತಾ?" ಎಂದು ಕೂಗಿದ. ಬಾಯಿ ತೆರೆದೆ. ಒಂದು ಮಾತೂ ಬರಲಿಲ್ಲ.